ಎಡಕ್ಕೆ ನೋಡುವ ಮಕ್ಕಳು

ಮಕ್ಕಳನ್ನು ನಗಿಸುವುದರಲ್ಲಿ ದೇವನಹಳ್ಳಿ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸಿದವರು ಇನ್ನೂ ಹುಟ್ಟಿಲ್ಲ. ಇದು ಜಂಬವಲ್ಲ, ಜಂಬ ಮುಂದೆ ಬರುತ್ತದೆ, ತಾಳಿ. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿ, ಅಲ್ಲಿಂದ ವಿಜಯಪುರ, ಮತ್ತೆ ವಾಪಸ್ಸು. ತಾಯಿಯ ಸೊಂಟದ ಮೇಲಿನ ಮಗು ಅಳಲು ಬಾಯಿ ತೆರೆದರೆ, ಆ ಬಾಯಿ ಮುಚ್ಚುವಷ್ಟರಲ್ಲಿ ಅದು ನಗುತ್ತಿರಬೇಕು ಎಂದು ನನಗೆ ನಾನೇ ಪಂದ್ಯ ಕಟ್ಟಿಕೊಂಡಿದ್ದೆ. ಸೋತದ್ದು ಕಡಿಮೆ.

ನನ್ನ ಸಾಮಾನು ಒಂದೇ ಒಂದು ಕರ್ಚೀಫು. ಅದನ್ನು ಮಡಚಿ, ಸುತ್ತಿ, ಒಂದು ತುದಿಗೆ ಗಂಟು ಹಾಕಿ ಕಿವಿ ಮಾಡಿ, ಇನ್ನೊಂದು ತುದಿಯನ್ನು ಬಾಲದಂತೆ ಎಳೆದರೆ ಇಲಿಯಾಗುತ್ತದೆ. ಇಲಿಯನ್ನು ಎಡಗೈ ಮೇಲೆ ಮಲಗಿಸಿಕೊಂಡು ಬಲಗೈಯಿಂದ ಸವರುತ್ತಾ, ಅಡಿಯ ಬೆರಳಿನಿಂದ ಗುಟ್ಟಾಗಿ ಚಿಮ್ಮಬೇಕು. ಇಲಿ ಮೊಣಕೈವರೆಗೆ ಹಾರುತ್ತದೆ. ಮಗು ಕಿರುಚುತ್ತದೆ. ಡ್ರೈವರ್ ಹಿಂದೆ ತಿರುಗಿ ಬೈಯುತ್ತಾನೆ. ಎರಡೂ ಕೈ ಬೇಕಾದ ಕೆಲಸ ಇದು. ಈ ಮಾತು ನೆನಪಿಟ್ಟುಕೊಳ್ಳಿ, ನನ್ನ ಅವಮಾನವೆಲ್ಲ ಇದರಿಂದಲೇ ಆದದ್ದು.

ನಿವೃತ್ತಿಯಾದ ಮೇಲೆ ನಾನೂ ನನ್ನ ಹೆಂಡತಿಯೂ ಕೋಟೆಯ ಹಿಂದಿನ ಗಲ್ಲಿಯಲ್ಲಿ ಒಂದು ಸಣ್ಣ ಮನೆಯಲ್ಲಿದ್ದೆವು. ನಮಗೆ ಮಕ್ಕಳಾಗಲಿಲ್ಲ. ನನ್ನ ಕೀಟಲೆಗೆಲ್ಲ ಗಿರಾಕಿ ಅವಳೊಬ್ಬಳೇ. ಅಷ್ಟರಲ್ಲಿ ವಿಮಾನ ನಿಲ್ದಾಣ ಶುರುವಾಗಿತ್ತು. ಗಲ್ಲಿಯ ಮೇಲೆ ವಿಮಾನ ಹಾದುಹೋಗುವಾಗ ಅವಳು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ಪೂರ್ತಿ ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದಳು. ಒಂದು ಅಕ್ಷರವನ್ನೂ ಎರಡು ಸಲ ಹೇಳುತ್ತಿರಲಿಲ್ಲ. ನಾನು ಬೇಕೆಂದೇ ನಡುವೆ ಬೇರೆ ವಿಷಯ ತೆಗೆದರೂ ಅವಳ ಗಾಡಿ ಹಳಿ ತಪ್ಪುತ್ತಿರಲಿಲ್ಲ. ವಿಮಾನಗಳು ಬಂದ ಎರಡನೆಯ ವರ್ಷ ಅವಳು ಹೋದಳು. ಹತ್ತು ದಿನದ ಆಸ್ಪತ್ರೆ, ಅಷ್ಟೇ.

ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ ಅಕ್ಕಿ ಡಬ್ಬದ ಹಿಂದೆ ಅವಳ ಕನ್ನಡಕದ ಪೆಟ್ಟಿಗೆ ಸಿಕ್ಕಿತು. ಬಚ್ಚಿಟ್ಟವನು ನಾನೇ. ಅವಳು ಆಸ್ಪತ್ರೆ ಸೇರುವುದಕ್ಕೆ ಎರಡು ದಿನ ಮೊದಲು. ಹುಡುಕಿ, ಸಿಕ್ಕದೆ, ಸೊಂಟದ ಮೇಲೆ ಕೈಯಿಟ್ಟು ಬಂದು ನಿಲ್ಲುವುದಕ್ಕೆ ಅವಳಿಗೆ ಪುರಸೊತ್ತಾಗಿರಲಿಲ್ಲ. ಅನ್ನ ಒಬ್ಬನೇ ಬೇಯಿಸಿಕೊಂಡು ತಿನ್ನಬಹುದು, ಬಟ್ಟೆ ಒಬ್ಬನೇ ಒಗೆದುಕೊಳ್ಳಬಹುದು. ಕೀಟಲೆ ಮಾತ್ರ ಒಬ್ಬನೇ ಮಾಡುವ ಕಸುಬಲ್ಲ. ನನ್ನ ಬಾಗಿಲು ತಟ್ಟುವವರು ಆಗ ಇಬ್ಬರೇ: ಸಿಲಿಂಡರಿನವನು ಮತ್ತು ಕರೆಂಟ್ ಬಿಲ್ಲಿನವನು. ಇಬ್ಬರಿಗೂ ಅವಸರ. ಸಿಲಿಂಡರಿನವನಿಗೆ ಒಮ್ಮೆ ಇಲಿ ತೋರಿಸಿದೆ. “ಆಯ್ತು, ಸೈನ್ ಮಾಡಿ ಸಾರ್” ಅಂದ.

ಹೀಗಿರುವಾಗ ನನ್ನ ಬಾಮೈದ, ಹೆಂಡತಿಯ ತಮ್ಮ, ಒಂದು ಕ್ಯಾಮೆರಾ ತಂದುಕೊಟ್ಟ. ಆ ಕಾಲದಲ್ಲಿ ನಮ್ಮ ಕಡೆ ವಿಮಾನ ನಿಲ್ದಾಣಕ್ಕೆ ಜಮೀನು ಕೊಟ್ಟವರೆಲ್ಲ ಕಾರು ಕೊಂಡರು, ಗೋಡೆಯಷ್ಟು ದೊಡ್ಡ ಟೀವಿ ಕೊಂಡರು, ಹಾಗೇ ಒಂದು ಕ್ಯಾಮೆರಾವನ್ನೂ ಕೊಂಡರು. ಇವನ ಕ್ಯಾಮೆರಾ ಮಗನ ಮುಡಿ ಕೊಡುವಾಗ ಒಂದು ಸಲ ತಿರುಪತಿ ನೋಡಿ ಬಂದು ಬೀರುವಿನಲ್ಲಿ ಮಲಗಿತ್ತು. ಜೊತೆಗೆ ಮೂರು ಕಾಲಿನ ಸ್ಟ್ಯಾಂಡೂ ಇತ್ತು.

“ನೀವೇ ಇಟ್ಕಳಿ ಭಾವ. ಸುಮ್ನೆ ಕೂತ್ಕಂಡು ಏನ್ಮಾಡ್ತೀರ?”

“ನಾನೆಲ್ಲಯ್ಯ ಸುಮ್ನೆ ಕೂತಿದೀನಿ? ವಿಮಾನ ಎಣಿಸ್ತಾ ಇಲ್ವಾ.”

ವಾರದಲ್ಲಿ ಕ್ಯಾಮೆರಾ ಕಲಿತೆ. ಕ್ಯಾಮೆರಾ ಇದೆಯೆಂದು ಗೊತ್ತಾದ ಕೂಡಲೇ ಗಲ್ಲಿಯ ಮಕ್ಕಳು ಜಗಲಿಯ ಮೇಲೆ ಬಂದು ಕೂರಲು ಶುರುಮಾಡಿದವು. ಸ್ಕೂಲು ಬಿಟ್ಟು ನಾಲ್ಕೂವರೆಗೆ ಬಂದರೆ ಹಾಲು ಕುಡಿಯಲು ಕೂಗುವವರೆಗೂ ಇರುತ್ತಿದ್ದವು. ಸಂಜೆ ಬಿಸಿಲು ಎದುರುಮನೆಯ ಸುಣ್ಣದ ಗೋಡೆಗೆ ಬಿದ್ದು, ಅಲ್ಲಿಂದ ತಿರುಗಿ ನನ್ನ ಜಗಲಿಗೆ ಮೆತ್ತಗೆ ಬರುತ್ತಿತ್ತು. ಮಗುವನ್ನು ಮಣೆಯ ಮೇಲೆ ಕೂರಿಸುವುದು, ಸ್ಟ್ಯಾಂಡನ್ನು ಜಗಲಿಯ ಅಂಚಿಗೆ ನಿಲ್ಲಿಸುವುದು, ಗುಂಡಿ ಒತ್ತುವುದು. ಆ ಕ್ಯಾಮೆರಾಕ್ಕೆ ಒಂದು ವರವಿತ್ತು: ಗುಂಡಿ ಒತ್ತಿ ಹತ್ತು ಎಣಿಸುವಷ್ಟು ಹೊತ್ತಾದ ಮೇಲೆ ತಾನೇ ಫೋಟೋ ಹಿಡಿಯುತ್ತಿತ್ತು. ಅಷ್ಟರಲ್ಲಿ ನನ್ನ ಎರಡೂ ಕೈ ಬಿಡುವಾಗಿ ಇಲಿ ಸಿದ್ಧವಾಗುತ್ತಿತ್ತು. ಕ್ಯಾಮೆರಾದ ಹಿಂದೆ ನಿಲ್ಲುವಂತಿರಲಿಲ್ಲ, ಅಲ್ಲಿ ಮೋರಿ. ಬಲಕ್ಕೆ ಕಂಬ. ಹಾಗಾಗಿ ಎಡಕ್ಕೆ, ಬಾಗಿಲ ಹತ್ತಿರ ನಿಂತು ಇಲಿ ಹಾರಿಸುತ್ತಿದ್ದೆ. ಇಲಿಗೆ ಜಗ್ಗದ ಮಕ್ಕಳಿಗೆ ಮೇಲಿನ ಹಲ್ಲಿನ ಸೆಟ್ಟನ್ನು ನಾಲಿಗೆಯಿಂದ ಪಟ್ಟನೆ ಕೆಳಗೆ ಬೀಳಿಸಿ ತೋರಿಸುತ್ತಿದ್ದೆ. ಅದಕ್ಕೆ ಜಗ್ಗದ ಮಗುವನ್ನು ಇದುವರೆಗೆ ಕಂಡಿಲ್ಲ.

ಎರಡು ತಿಂಗಳಲ್ಲಿ ಇಪ್ಪತ್ತೆರಡು ಮಕ್ಕಳಾದವು. ಬಾಮೈದನಿಗೆ ಹೇಳಿ ಯಲಹಂಕದಲ್ಲಿ ಪ್ರಿಂಟು ಹಾಕಿಸಿ ತರಿಸಿದೆ. ನೋಡಿ ನಾನೇ ಬೆರಗಾದೆ. ಕಣ್ಣು ಮಿಂಚುತ್ತಿದ್ದವು, ಕೆನ್ನೆಯ ದೃಷ್ಟಿಬೊಟ್ಟು ನಗುವಿನ ಮಡಿಕೆಯೊಳಗೆ ಸಿಕ್ಕಿಕೊಂಡಿತ್ತು, ಬಿದ್ದ ಹಲ್ಲಿನ ಕಿಂಡಿಯಲ್ಲಿ ನಾಲಿಗೆ ಇಣುಕುತ್ತಿತ್ತು. ಮದುವೆ ಫೋಟೋದವರು ಜನ್ಮವಿಡೀ ಬೆವರು ಸುರಿಸಿದರೂ ಬಾರದ ನಗು ನನಗೆ ಒಂದು ಕರ್ಚೀಫಿನಲ್ಲಿ ಬಂದಿತ್ತು. ಮಾರುವುದೇ ಸೈ ಅಂದುಕೊಂಡೆ. ಪಿಂಚಣಿ ಇತ್ತು, ದುಡ್ಡಿಗಾಗಿ ಅಲ್ಲ. ಫೋಟೋ ಮಾರುವವನ ಮನೆಗೆ ಜನ ಬರುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ, ಕೂರುತ್ತಾರೆ, “ನಮ್ ಮಗೂದು ಆಯ್ತಾ?” ಎಂದು ಮತ್ತೆ ನಾಳೆಯೂ ಬರುತ್ತಾರೆ. ನನಗೆ ಬೇಕಾಗಿದ್ದದ್ದು ಆ ನಾಳೆ.

ಹಲಗೆಯ ಮೇಲೆ ನೀಲಿ ಬಣ್ಣದಲ್ಲಿ “ಇಲ್ಲಿ ಮಕ್ಕಳ ಫೋಟೋ ತೆಗೆದು ಕೊಡಲಾಗುವುದು” ಎಂದು ನಾನೇ ಬರೆದೆ. ತಗುಲಿಸುವ ಮೊದಲೇ ಗಲ್ಲಿಗೆಲ್ಲ ಸಾರಿದೆ. ಹಾಲಿನ ಬೂತಿನಲ್ಲಿ ಹೇಳಿದೆ, ನಲ್ಲಿಯ ಹತ್ತಿರ ಹೇಳಿದೆ. “ಸೋಮವಾರದಿಂದ ಬೋರ್ಡು ಬೀಳ್ತೈತೆ, ಆಮೇಲೆ ಕ್ಯೂ ನಿಲ್ಬೇಕಾಯ್ತದೆ ನೋಡ್ಕಳಿ” ಎಂದು ಹೆದರಿಸಿಯೂ ಬಿಟ್ಟೆ. ಆದರೂ ಒಳಗೆ ಒಂದು ಅಳುಕು. ನಾನು ಚೆನ್ನಾಗಿದೆ ಅಂದರೆ ಸಾಕೇ? ಬಲ್ಲವನೊಬ್ಬ ಹೇಳಬೇಕು. ಬಲ್ಲವನು ಇಡೀ ಊರಿಗೆ ಒಬ್ಬನೇ ಇದ್ದ, ಮತ್ತು ಅವನಿಗೆ ನನ್ನ ಮೇಲೆ ನಲವತ್ತು ವರ್ಷದ ಸಿಟ್ಟಿತ್ತು.

ಅವನು ನನ್ನ ಮಿಡ್ಲ್ ಸ್ಕೂಲಿನ ಜೊತೆಗಾರ. ಪೇಟೆ ಬೀದಿಯಲ್ಲಿ ಸ್ಟುಡಿಯೋ ಇಟ್ಟಿದ್ದ. ನಗುವುದು ಅವನ ವಂಶದಲ್ಲೇ ಇಲ್ಲ. ಅವನು ಹೊಸದಾಗಿ ಕಸುಬಿಗೆ ಇಳಿದಾಗ ಒಂದು ಮದುವೆಯಲ್ಲಿ ಬೀಗರನ್ನೆಲ್ಲ ಬೆಂಚಿನ ಮೇಲೆ ಕೂರಿಸಿ, ಮರದ ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ್ದ. ಆ ಕ್ಯಾಮೆರಾದಲ್ಲಿ ಜನ ತಲೆಕೆಳಗಾಗಿ ಕಾಣುತ್ತಾರೆ. ನಾನು ಸನ್ನೆ ಮಾಡಿ ಒಬ್ಬೊಬ್ಬರನ್ನೇ ಎಬ್ಬಿಸಿ ಊಟಕ್ಕೆ ಕಳಿಸಿದೆ. ಬಟ್ಟೆಯೊಳಗಿಂದ “ಅಲ್ಲಾಡ್ಬ್ಯಾಡಿ, ಅಲ್ಲಾಡ್ಬ್ಯಾಡಿ” ಎಂದು ಕೂಗುತ್ತಲೇ ಇದ್ದ. ಹೊರಗೆ ಬಂದಾಗ ಬೆಂಚಿನ ಮೇಲೆ ನಾನೊಬ್ಬನೇ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದೆ. ಆರು ತಿಂಗಳು ಮಾತು ಬಿಟ್ಟಿದ್ದ.

ಆ ಶನಿವಾರ ಮಧ್ಯಾಹ್ನ ಫೋಟೋಗಳನ್ನು ಒಂದು ಸ್ವೀಟ್ ಬಾಕ್ಸಿನಲ್ಲಿ ಹಾಕಿಕೊಂಡು ಹೋದೆ. ಅವನು ಡಬ್ಬ ತೆರೆದು, ಮೈಸೂರುಪಾಕಿಲ್ಲದ್ದು ನೋಡಿ ನನ್ನ ಮುಖ ನೋಡಿದ.

“ಏನ್ಲಾ ಇದು?”

“ನನ್ನ ಕೈಕೆಲ್ಸ. ಮಾರೋಕಾಯ್ತದಾ ಅಂತ ನೋಡಿ ಹೇಳು. ಸ್ನೇಹ ಗೀಹ ಪಕ್ಕಕ್ಕಿಡು.”

“ಅದನ್ನ ಯಾವತ್ತೋ ಇಟ್ಟಾಗೈತೆ” ಅಂದು, ಕನ್ನಡಕ ಒರೆಸಿಕೊಂಡು, ಕೌಂಟರಿನ ಗಾಜಿನ ಮೇಲೆ ಇಸ್ಪೀಟಿನಂತೆ ಇಪ್ಪತ್ತೆರಡನ್ನೂ ಹರಡಿದ. ನೋಡಿದ. ಟ್ಯೂಬ್‌ಲೈಟ್ ಹಾಕಿ ನೋಡಿದ. ಒಂದನ್ನು ತೋರುಬೆರಳಿಂದ ಪಕ್ಕಕ್ಕೆ ತಳ್ಳಿದ. ಮೂರನ್ನು ತಳ್ಳಿದ.

“ಈ ನಾಕು ಹೆಂಗೂ ಬ್ಯಾಡ. ಇವೆರಡು ಅಲ್ಲಾಡವೆ. ಈ ಮಗೀನ ತಲೆ ಮೇಲೆ ಯಾರ್ದೋ ಲಂಗ ಒಣಗ್ತಾ ಐತೆ. ಇದ್ರಾಗೆ ಮೂಗು ಒರ್ಸೋಕೂ ನಿನಗೆ ಟೈಮಿರಲಿಲ್ವಾ?”

“ಮಿಕ್ಕಿದ್ದು?”

ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದ. ಅವನ ಮುಖದಲ್ಲಿ ಏನನ್ನೂ ಓದಲಾಗುವುದಿಲ್ಲ, ಗೋಡೆಗಡಿಯಾರವೇ ಅದಕ್ಕಿಂತ ವಾಸಿ. ಕೊನೆಗೆ, “ಬೆಳಕು ಸರಿಯಾಗಿ ಹಿಡ್ದಿದೀಯ. ಯಾರೂ ಹೇಳ್ಕೊಡದೆ ಗೋಡೆ ಬೆಳಕು ಹಿಡಿಯೋದು ಸುಲಭ ಅಲ್ಲ. ನಗು ಅಂತೂ ನನ್ನ ಕೈಲಿ ಒಂದಿನಾನೂ ಹಿಂಗೆ ಬಂದಿಲ್ಲ” ಅಂದ.

ನನ್ನ ಎದೆ ಉಬ್ಬಿತು. “ಹಂಗಾದ್ರೆ ಸೋಮವಾರ ಬೋರ್ಡು.”

“ಮಾರೋಕಾಗಲ್ಲ.”

“ಯಾಕ್ಲಾ?”

“ಕಣ್ಣು ನೋಡು. ಒಂದಾದ್ರೂ ನಿನ್ನ ನೋಡ್ತಾ ಐತಾ? ಎಲ್ಲಾ ಎಡಕ್ಕೆ ನೋಡ್ತಾ ಅವೆ.” ಬೆರಳನ್ನು ಒಂದೊಂದೇ ಫೋಟೋದ ಮೇಲೆ ಓಡಿಸಿದ. ನಿಜ. ಹದಿನೆಂಟು ಮಕ್ಕಳೂ ಎಡಕ್ಕೆ, ಫೋಟೋದ ಆಚೆ, ಯಾರನ್ನೋ ನೋಡಿ ನಗುತ್ತಿದ್ದವು. “ಫೋಟೋ ಮಾರೋದು ಅಂದ್ರೆ ಏನಂದ್ಕಂಡೆ? ಮಗ ಬೆಳ್ದು ದೊಡ್ಡೋನಾಯ್ತನೆ, ಎಲ್ಲಿಗೋ ಹೋಯ್ತನೆ. ಅವ್ರವ್ವ ಗೋಡೆ ಕಡೆ ನೋಡ್ತಾಳೆ. ಆಗ ಅದು ತಿರುಗಿ ಅವಳ್ನ ನೋಡ್ಬೇಕು. ಜನ ಕಾಸು ಕೊಡೋದು ಅದಕ್ಕೇ ಕಣ್ಲಾ, ನಗುವಿಗಲ್ಲ.”

“ಬೀಗರ ಸೇಡು ತೀರಿಸ್ಕೊಂತಾ ಇದ್ದೀಯ.”

“ಬೀಗರಾ?” ಅಂದ. ನಿಜಕ್ಕೂ ಮರೆತಿದ್ದನೋ, ಮರೆತಂತೆ ಮಾಡಿದನೋ ತಿಳಿಯಲಿಲ್ಲ. “ನಂಬಿಕೆ ಇಲ್ದಿದ್ರೆ ಮನೆಮನೆಗೆ ತಗಂಡೋಗಿ ತೋರ್ಸು.”

ನಾನೇನು ಸೋಲುವ ಆಸಾಮಿಯೇ? ಡಬ್ಬ ಎತ್ತಿಕೊಂಡು ಅಲ್ಲಿಂದ ನೇರ ಗಲ್ಲಿಗೆ ಬಂದೆ.

ಮೊದಲನೆಯ ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮೊಮ್ಮಗನ ಫೋಟೋ ಕೊಟ್ಟೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಡಿದಳು, ಮುಖ ಅರಳಿತು. “ನನ್ ಬಂಗಾರ” ಎಂದು ಫೋಟೋದ ಕೆನ್ನೆ ಸವರಿದಳು. ನಾನು ಮನಸ್ಸಿನಲ್ಲೇ ಸ್ಟುಡಿಯೋದವನಿಗೆ ಎರಡು ಬಿಗಿದೆ. ಆಮೇಲೆ ಅವಳು ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿದಳು. ಇನ್ನೂ ಸ್ವಲ್ಪ ವಾಲಿಸಿದಳು. ಮಗುವಿನ ಕಣ್ಣಿಗೆ ತನ್ನ ಮುಖ ಸಿಗಲಿ ಎಂದು ವಾಲುತ್ತಾ ವಾಲುತ್ತಾ ಬಾಗಿಲ ಚೌಕಟ್ಟಿಗೆ ತಲೆ ತಾಗಿತು.

“ಯಾರ್ನ ನೋಡ್ತಾ ಅದೆ ಕಂಡಕ್ಟ್ರಪ್ಪ ಇದು?”

“ನನ್ನ.”

“ನಿಮ್ನ ನೋಡಿದ್ರೆ ನಮಗೇನ್ ಬಂತು? ಗೋಡೆಗಾಕೋ ಫೋಟೋ ಮನೇರ ಮುಖ ನೋಡ್ಬೇಕಪ್ಪ. ದೇವ್ರ ಪಟ ಆದ್ರೂ ನೋಡಿ, ಮೂಲೆ ನೋಡ್ಕಂಡು ಕೂತಿರ್ತದಾ? ಇದೇನೋ ನಮ್ಮನ್ನ ಬಿಟ್ಟು ಎದ್ದೋಗೋ ಹಂಗದೆ.” ಫೋಟೋವನ್ನು ಮೆಲ್ಲಗೆ ವಾಪಸ್ಸು ಕೊಟ್ಟು, ಒಂದು ಬೊಗಸೆ ಅವರೆಕಾಳು ನನ್ನ ಡಬ್ಬದೊಳಗೆ ಹಾಕಿದಳು. “ಸಾರು ಮಾಡ್ಕಳಿ.”

ಎರಡನೆಯ ಮನೆ, ಮೂರನೆಯ ಮನೆ, ನಾಲ್ಕನೆಯ ಮನೆ. “ಚೆನ್ನಾಗೈತೆ, ಆದ್ರೆ” ಎನ್ನುವ ಮಾತನ್ನು ಎಷ್ಟು ಬಗೆಯಲ್ಲಿ ಹೇಳಬಹುದೋ ಅಷ್ಟೂ ಬಗೆಯಲ್ಲಿ ಕೇಳಿದೆ. ಒಬ್ಬಾಕೆ, “ಮಗ ಹೆದ್ರಿಕೊಂಡೈತಾ ಹೆಂಗೆ?” ಅಂದಳು. ಅಷ್ಟು ಹೊಟ್ಟೆತುಂಬ ನಗುವ ಮಗುವನ್ನು ನೋಡಿ ಹೆದರಿಕೆ ಅಂದವಳಿಗೆ ಏನು ಹೇಳಲಿ?

ಐದನೆಯದು ಗಲ್ಲಿಯ ಕೊನೆಯ ಬಾಡಿಗೆ ಮನೆ. ಗಂಡನಿಗೆ ವಿಮಾನ ನಿಲ್ದಾಣದಲ್ಲಿ ಲಗೇಜು ಏರಿಸುವ ಕೆಲಸ, ಶಿಫ್ಟಿನ ಮೇಲೆ ಶಿಫ್ಟು. ಹೆಂಡತಿ ಇನ್ನೂ ಹುಡುಗಿ, ಇಪ್ಪತ್ತಮೂರೋ ನಾಲ್ಕೋ. ಎರಡು ವರ್ಷದ ಮಗಳು. ನನ್ನ ಹದಿನೆಂಟರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಆ ಮಗುವಿನದೇ. ಅವಳು ಫೋಟೋ ಹಿಡಿದು ನಿಂತೇ ಬಿಟ್ಟಳು.

“ಇವ್ರು ಕೆಲ್ಸಕ್ಕೆ ಹೋಗುವಾಗ ಮಲ್ಗಿರ್ತಾಳೆ ತಾತ, ಬರುವಾಗ್ಲೂ ಮಲ್ಗಿರ್ತಾಳೆ. ಜೇಬಲ್ಲಿ ಇಟ್ಕೊಳ್ಳೋಕೆ ಒಂದು ಫೋಟೋ ಬೇಕು ಅಂತ ಎಷ್ಟು ದಿನದಿಂದ ಅಂತಿದ್ರು.”

ತಾತ ಅಂದದ್ದಕ್ಕೆ ಸಣ್ಣ ಕೋಪ ಬಂತು, ನುಂಗಿಕೊಂಡೆ. “ತಗೋಮ್ಮ. ನಿನಗೋಸ್ಕರಾನೇ ತೆಗ್ದಿದ್ದು.”

ಅವಳು ಫೋಟೋವನ್ನು ತನ್ನ ಎದೆಯ ಎತ್ತರಕ್ಕೆ, ಗಂಡ ಜೇಬಿನಿಂದ ತೆಗೆದು ನೋಡುವಷ್ಟು ದೂರಕ್ಕೆ ಹಿಡಿದು ನೋಡಿದಳು. ಆ ಹಿಡಿದ ರೀತಿಯಲ್ಲೇ ನನಗೆ ಅರ್ಥವಾಗಿ ಹೋಯಿತು.

“ಬೇಜಾರ್ ಮಾಡ್ಕೋಬೇಡಿ ತಾತ. ಇದು ನಿಮ್ಮನ್ನ ನೋಡಿ ನಗ್ತಾ ಇರೋದು. ಅವ್ರು ಅಲ್ಲಿ ತೆಗ್ದು ನೋಡಿದ್ರೆ ಅವ್ರನ್ನ ನೋಡಲ್ವಲ್ಲ. ಇನ್ನೂ ಬೇಜಾರಾಗುತ್ತೆ ಅವ್ರಿಗೆ.”

ಮಿಕ್ಕ ಮನೆಗಳಿಗೆ ಹೋಗಲಿಲ್ಲ.

ಭಾನುವಾರ ಒಂದು ಪ್ರಯತ್ನ ಮಾಡಿದೆ, ಸುಮ್ಮನೆ ಸೋತೆನೆಂದು ತಿಳಿಯಬೇಡಿ. ಆ ಹುಡುಗಿಯ ಮಗಳನ್ನೂ ಇನ್ನು ನಾಲ್ಕು ಮಕ್ಕಳನ್ನೂ ಕರೆಸಿ, ಸ್ಟ್ಯಾಂಡ್ ಬಿಟ್ಟು, ಕ್ಯಾಮೆರಾವನ್ನು ನನ್ನ ಕಣ್ಣಿಗೇ ಇಟ್ಟುಕೊಂಡೆ. ಈಗ ಮಕ್ಕಳು ನೇರವಾಗಿ ನೋಡಿದವು, ನಿಜ. ಆದರೆ ಅವಕ್ಕೆ ಕಂಡದ್ದು ನನ್ನ ಮುಖವಲ್ಲ, ಒಂದು ಕರಿಯ ಡಬ್ಬ. ಕೈ ಎರಡೂ ಡಬ್ಬಕ್ಕೆ ಹೋದ ಮೇಲೆ ಇಲಿಯೆಲ್ಲಿಂದ ಬರಬೇಕು? ಹಲ್ಲಿನ ಸೆಟ್ಟು ಬೀಳಿಸೋಣವೆಂದರೆ ಬಾಯಿಗೆ ಕ್ಯಾಮೆರಾ ಅಡ್ಡ. ಐದು ಮಕ್ಕಳೂ ರೇಷನ್ ಕಾರ್ಡಿಗೆ ಕೂತ ಹಾಗೆ ಗಂಭೀರವಾಗಿ ಕೂತವು. ಆ ಎರಡು ವರ್ಷದ್ದು ಜೋರಾಗಿ ಅತ್ತಿತು. ನನ್ನೆದುರು ಮಗು ಅತ್ತು, ನಗದೆ ಹೋದದ್ದು ಅದೇ ಮೊದಲು. ಅವರಮ್ಮ ಬಂದು ಎತ್ತಿಕೊಂಡು ಹೋದಳು. ಮಕ್ಕಳು ನೋಡಿದರೆ ನಗುವುದಿಲ್ಲ, ನಕ್ಕರೆ ನೋಡುವುದಿಲ್ಲ. ಎರಡನ್ನೂ ಒಟ್ಟಿಗೆ ಹಿಡಿಯುವುದು ಕಸುಬು. ಆ ಕಸುಬು ನನಗೆ ಬರುವುದಿಲ್ಲ. ಬರೆಯುವಾಗಲೂ ಕೈ ತಡೆಯುತ್ತದೆ, ಆದರೂ ಬರೆದಿದ್ದೇನೆ.

ಒಳಗೆ ಬಂದು ಕೂತೆ. ಎದುರು ಗೋಡೆಯ ಮೇಲೆ ನನ್ನ ಹೆಂಡತಿಯ ಫೋಟೋ. ಅವಳು ಹೋದ ಮೇಲೆ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿದ್ದು. ಮೂಲದಲ್ಲಿ ಅದು ಬಸ್ ಪಾಸಿನ ಫೋಟೋ. ನಮ್ಮ ಡಿಪೋದಲ್ಲಿ ನೌಕರರ ಹೆಂಡತಿಯರಿಗೆ ಪಾಸು ಕೊಡುತ್ತಿದ್ದರು, ಅದಕ್ಕೆಂದು ಇಪ್ಪತ್ತು ವರ್ಷದ ಹಿಂದೆ ಅದೇ ಸ್ಟುಡಿಯೋದಲ್ಲಿ ತೆಗೆಸಿದ್ದು. ನೇರವಾಗಿ ನೋಡುತ್ತಾಳೆ. ಅಡುಗೆಮನೆಗೆ ಹೋದರೂ ನೋಡುತ್ತಾಳೆ, ಬಾಗಿಲಿಗೆ ಹೋದರೂ ನೋಡುತ್ತಾಳೆ. ಅಜ್ಜಿಯ ಲೆಕ್ಕದಲ್ಲಿ ಅಪ್ಪಟ ಗೋಡೆ ಫೋಟೋ. ಆದರೆ ನಗುವುದಿಲ್ಲ. ದಿನಕ್ಕೆ ಇಪ್ಪತ್ತು ಸಲ ನಗುತ್ತಿದ್ದ ಹೆಂಗಸು ಎರಡು ವರ್ಷದಿಂದ ನನ್ನನ್ನು ಟಿಕೆಟಿಲ್ಲದೆ ಸಿಕ್ಕಿಬಿದ್ದವನನ್ನು ನೋಡುವ ಹಾಗೆ ನೋಡುತ್ತಿದ್ದಳು.

ಸೋಮವಾರ ಬೋರ್ಡು ತಗುಲಿಸಲಿಲ್ಲ. ಹಾಲಿನ ಬೂತಿನಲ್ಲಿ ಯಾರೋ, “ಏನ್ ಕಂಡಕ್ಟ್ರೇ, ಕ್ಯೂ ಎಲ್ಲಿ?” ಅಂದರು. “ಬೋರ್ಡಿನ ಬಣ್ಣ ಒಣಗ್ಲಿಲ್ಲ” ಅಂದೆ. ಸ್ಟುಡಿಯೋಗೆ ಹೋಗಿ, ಒಪ್ಪಿಕೊಳ್ಳುವುದು ಒಪ್ಪಿಕೊಂಡು ಬರೋಣವೆಂದು ಹೊರಟೆ. ನಲವತ್ತು ವರ್ಷದಲ್ಲಿ ಅವನಿಗೆ ನಾನು “ನೀನು ಹೇಳಿದ್ದು ಸರಿ” ಅಂದದ್ದು ಅದೊಂದೇ ಸಲ.

ಅವನು ಗೆದ್ದವನ ಮುಖವನ್ನೂ ಮಾಡಲಿಲ್ಲ. ಸ್ಟೂಲು ತೋರಿಸಿದ. ಕೌಂಟರಿನ ಕೆಳಗಿಂದ ಒಂದು ಬಿಸ್ಕತ್ತಿನ ತಗಡಿನ ಡಬ್ಬ ತೆಗೆದ. ಅದರ ತುಂಬ ಹಳೆಯ ನೆಗೆಟಿವ್‌ಗಳ ಕವರುಗಳು.

“ಶನಿವಾರ ನಿನ್ನ ಫೋಟೋ ನೋಡ್ತಾ ಇದ್ದಾಗ ಒಂದು ನೆನಪಾಯ್ತು. ಎರಡು ದಿನದಿಂದ ಹುಡುಕ್ತಾ ಇದ್ದೆ. ನಿಮ್ಮ ಮನೆಯೋರ ಪಾಸ್ ಫೋಟೋ ತೆಗ್ದ ದಿನ ನಿನ್ನ ನಾನು ಆಚೆಗೆ ಕಳಿಸಿದ್ದೆ, ಜ್ಞಾಪಕ ಐತಾ?”

ಇತ್ತು. “ಪಾಸ್ ಫೋಟೋಗೆ ನಗಬಾರ್ದು, ನೀನಿದ್ರೆ ಆಗಲ್ಲ, ಆಚೆ ನಡಿ” ಎಂದು ಪರದೆಯಾಚೆ ದಬ್ಬಿದ್ದ. ನಾನು ಸುಮ್ಮನಿರುವವನೇ? ಪರದೆಯ ಸಂದಿಯಿಂದ ಎರಡು ಕೈ ಮಾತ್ರ ಒಳಗೆ ತೂರಿಸಿ ಇಲಿ ಹಾರಿಸಿದ್ದೆ. ಅವನು ಬೈದದ್ದೂ ಅವಳು ನಕ್ಕದ್ದೂ ಕೇಳಿಸಿತ್ತು. ನೋಡಿರಲಿಲ್ಲ, ನಡುವೆ ಪರದೆಯಿತ್ತು.

“ಆಗ್ಲೇ ಗುಂಡಿ ಒತ್ತಿಬಿಟ್ಟಿದ್ದೆ. ಒಂದು ಫಿಲಂ ಹಾಳಾಯ್ತು ಅಂತ ಇನ್ನೊಂದು ತೆಗ್ದೆ. ಆ ಎರಡ್ನೇದೇ ನಿಮ್ಮ ಗೋಡೆ ಮೇಲಿರೋದು.” ಒಂದು ಕವರನ್ನು ನನ್ನತ್ತ ತಳ್ಳಿದ. “ಹಾಳಾದದ್ದು ಇದು. ಬೆಳಿಗ್ಗೆ ಪ್ರಿಂಟ್ ಹಾಕ್ದೆ.”

ಅವಳು ಎಡಕ್ಕೆ ನೋಡುತ್ತಿದ್ದಳು. ಕತ್ತು ಅರ್ಧ ತಿರುಗಿತ್ತು, ಸೆರಗಿನ ತುದಿಯನ್ನು ಬಾಯಿಗೆ ತರಲು ಕೈ ಎತ್ತಿದ್ದಳು, ಕೈ ತಲುಪುವ ಮೊದಲೇ ನಗು ಹೊರಗೆ ಬಂದುಬಿಟ್ಟಿತ್ತು. ಫೋಟೋದ ಅಂಚಿನಲ್ಲಿ ಪರದೆಯ ಒಂದು ಮಡಿಕೆ. ನನ್ನ ಕೈಗಳೂ ಫೋಟೋದೊಳಗೆ ಬಿದ್ದಿರಲಿಲ್ಲ, ಇಲಿಯೂ ಬಿದ್ದಿರಲಿಲ್ಲ.

ಫೋಟೋವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ, ಕೌಂಟರಿನ ಮೇಲಿಟ್ಟೆ, ಮತ್ತೆ ಎತ್ತಿಕೊಂಡೆ. ಅವನು ಗಾಜು ಒರೆಸುತ್ತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ.

“ಇದು ಎಷ್ಟಕ್ಕೆ ಕೊಡ್ತೀಯ?” ಅಂದೆ ಕೊನೆಗೆ.

“ಎಡಕ್ಕೆ ನೋಡ್ತಾ ಐತೆ” ಅಂದ. “ಮಾರೋಕಾಗಲ್ಲ. ತಗಂಡೋಗು.”

ಇದೆಲ್ಲ ಆಗಿ ಹತ್ತು ವರ್ಷದ ಮೇಲಾಯಿತು. ಈಗ ಎಲ್ಲ ತಾಯಂದಿರ ಕೈಯಲ್ಲೂ ಫೋನಿದೆ, ಮಗು ಎತ್ತ ನೋಡಿದರೂ ಹತ್ತು ಹಿಡಿಯುತ್ತಾರೆ, ಒಂಬತ್ತು ಅಳಿಸುತ್ತಾರೆ. ಸ್ಟುಡಿಯೋ ಮುಚ್ಚಿದೆ, ಅವನು ಮಗಳ ಮನೆಗೆ ಹೊಸಕೋಟೆಗೆ ಹೋದ. ನೀಲಿ ಬೋರ್ಡು ನೀರಿನ ಡ್ರಮ್ಮಿನ ಮುಚ್ಚಳವಾಗಿದೆ, ಅಳತೆ ಹೇಳಿ ಮಾಡಿಸಿದ ಹಾಗಿದೆ. ಮಕ್ಕಳ ಫೋಟೋಗಳನ್ನು ಅವರವರ ಮನೆಗೆ ಸುಮ್ಮನೆ ಕೊಟ್ಟುಬಿಟ್ಟೆ. ಬಿಟ್ಟಿ ಸಿಕ್ಕಿದ್ದನ್ನು ಯಾರೂ ಬೇಡವೆನ್ನಲಿಲ್ಲ, ಯಾರೂ ಗೋಡೆಗೆ ಹಾಕಲೂ ಇಲ್ಲ.

ನಾನು ಮಾತ್ರ ಹಾಕಿದೆ. ಬಸ್ ಪಾಸಿನ ಫೋಟೋ ತೆಗೆದು ಬೀರುವಿನಲ್ಲಿಟ್ಟು, ಅದೇ ಮೊಳೆಗೆ ಹಾಳಾದ ಫೋಟೋ ತಗುಲಿಸಿದೆ. ಮೊದಲ ದಿನವೇ ಅಜ್ಜಿಯ ತೊಂದರೆ ನನಗೂ ಬಂತು. ನಾನು ಕೂರುವ ಕುರ್ಚಿ ಗೋಡೆಗೆ ಸರಿಯಾಗಿ ಎದುರಿಗಿತ್ತು. ಅವಳು ನನ್ನನ್ನು ಬಿಟ್ಟು ಪಕ್ಕದಲ್ಲಿ ಯಾರನ್ನೋ ನೋಡಿ ನಗುತ್ತಿದ್ದಳು. ಆ ಯಾರೋ ನಾನೇ, ನನಗೆ ಗೊತ್ತು. ಆದರೂ ಬೇರೆಯವನನ್ನು ನೋಡಿ ನಕ್ಕಂತೆ ಹೊಟ್ಟೆ ಉರಿಯಿತು. ಕುರ್ಚಿಯನ್ನು ಒಂದು ಗೇಣು ಎಡಕ್ಕೆ ಎಳೆದೆ. ಸಾಲಲಿಲ್ಲ. ಮಾರನೆಯ ದಿನ ಇನ್ನೊಂದು ಗೇಣು. ಫೋಟೋದ ಗುಣವೇ ಅದಂತೆ, ಸ್ಟುಡಿಯೋದವನು ಹೇಳಿದ್ದ: ಪಕ್ಕಕ್ಕೆ ನೋಡಿದ ಕಣ್ಣು, ನೀನು ಎಷ್ಟು ಸರಿದರೂ ಇನ್ನೂ ಪಕ್ಕಕ್ಕೇ ನೋಡುತ್ತದೆ. ಅವನ ತೀರ್ಪೆಲ್ಲ ಸರಿಯೇ ಇರುತ್ತದೆ, ಅದೇ ಅವನ ದೊಡ್ಡ ದೋಷ. ಹಾಗೆಂದು ಎಳೆಯುವುದನ್ನು ಬಿಟ್ಟೆನೇ? ಕುರ್ಚಿ ಕಿಟಕಿ ದಾಟಿತು, ಕ್ಯಾಲೆಂಡರ್ ದಾಟಿತು, ಹೊಸ್ತಿಲಿಗೆ ಬಂದು ನಿಂತಿತು. ಇನ್ನು ಮುಂದಕ್ಕೆ ಜಗಲಿ, ಆಮೇಲೆ ಮೋರಿ.

ಹೋದ ಯುಗಾದಿಗೆ ಬಾಮೈದ ಹೋಳಿಗೆ ತಂದವನು ಕುರ್ಚಿಗೆ ಕಾಲು ತಗುಲಿಸಿಕೊಂಡು ಮುಗ್ಗರಿಸಿದ.

“ಯಾಕ್ ಭಾವ, ಒಳಗೆ ಅಷ್ಟು ಜಾಗ ಇಟ್ಕಂಡು ಬಾಗ್ಲಿಗೆ ಅಡ್ಡ ಕೂತಿದೀರ? ಯಾರಾದ್ರೂ ಬರೋರಿದಾರಾ?”

ಅವನ ಅಕ್ಕ ಅವನ ತಲೆಯ ಮೇಲಿಂದ ನಗುತ್ತಿದ್ದಳು. ನಾನು ಕರ್ಚೀಫು ತೆಗೆದು ಕುರ್ಚಿ ಒರೆಸಿ, ಮತ್ತೆ ಅಲ್ಲೇ ಕೂತೆ.

“ಇಷ್ಟು ವರ್ಷ ಬಸ್ಸಲ್ಲಿ ಓಡಾಡಿ ಗೊತ್ತಾಗ್ಲಿಲ್ವೇನಯ್ಯ?” ಅಂದೆ. “ಕಂಡಕ್ಟರ್ ಸೀಟು ಯಾವಾಗ್ಲೂ ಬಾಗ್ಲ ಪಕ್ಕಾನೇ.”